ಸ್ವಂತ ವೆಬ್‌ಸೈಟ್‌ಗೆ ಚಿತ್ರ ಎಲ್ಲಿಂದ ತರಬೇಕು? ಬಾವಿಗಳ ಸೈಟ್‌ಗೆ ಸಲಹೆ ಬೇಕಿದೆ

ಬಾವಿಕಟ್ಟೆ_ಬೀದರ್
ಎಲ್ಲರಿಗೂ ನಮಸ್ಕಾರ್ರೀ. ನಾನು ಬೀದರಿನಲ್ಲಿ ಶಾಲಾ ಶಿಕ್ಷಕಿ. ಎರಡು ವರ್ಷದಿಂದ ನಮ್ಮ ಜಿಲ್ಲೆಯ ಹಳೆಯ ಬಾವಿಗಳ ಬಗ್ಗೆ ಬರೆದು ಇಟ್ಟುಕೊಂಡಿದ್ದೆ. ನೌಬಾದಿನ ಕರೇಜ್ (ನೆಲದೊಳಗೆ ನೀರು ಹರಿಸುವ ಹಳೆಯ ಸುರಂಗ ಕಾಲುವೆ), ಹೊಲದೊಳಗೆ ಹೂತುಹೋದ ಮೆಟ್ಟಿಲು ಬಾವಿ, ನಮ್ಮ ಅಜ್ಜಿ ಚಿಟಗುಪ್ಪದಲ್ಲಿ ನೀರು ಸೇದುತ್ತಿದ್ದ ಬಾವಿ, ಹೀಗೆ. ಹೋದ ತಿಂಗಳು ಅದನ್ನೆಲ್ಲ ಒಂದು ಸ್ವಂತ ವೆಬ್‌ಸೈಟ್ ಮಾಡಿ ಹಾಕಿದೆ. ಬರಹಕ್ಕೆ ತೊಂದರೆ ಇಲ್ಲ. ಚಿತ್ರಗಳಲ್ಲೇ ಸಿಕ್ಕಿಕೊಂಡಿದ್ದೇನೆ.

ಹೋಮ್ ಪೇಜ್ ಮೇಲೆ ದೊಡ್ಡದಾಗಿ ಬೀದರ್ ಕೋಟೆಯ ಫೋಟೋ ಹಾಕಿದ್ದೆ, ಗೂಗಲ್‌ನಲ್ಲಿ ಹುಡುಕಿದಾಗ ಸಿಕ್ಕಿದ್ದು. ಎರಡನೇ ವಾರಕ್ಕೇ ಆ ಫೋಟೋ ತೆಗೆದವರಿಂದ ಮೇಲ್ ಬಂತು, ದಯವಿಟ್ಟು ತೆಗೆಯಿರಿ ಅಂತ. ಕೂಡಲೇ ತೆಗೆದು ಕ್ಷಮೆ ಕೇಳಿದೆ. ಈಗ ಆ ಜಾಗ ಖಾಲಿ ಇದೆ. ಇನ್ನೊಂದು ಕಷ್ಟ, ನನ್ನದೇ ಫೋಟೋ ಇರುವ ಪುಟಗಳು ಚಿಟಗುಪ್ಪದಲ್ಲಿ ನಮ್ಮ ಮಾಮಾನ ಫೋನಿನಲ್ಲಿ ತೆರೆಯುವುದೇ ಇಲ್ಲ, ಬಿಳಿ ಹಾಳೆ ಹಾಗೇ ನಿಂತಿರುತ್ತದೆ. ಹಿನ್ನೆಲೆಗೆ ಬಿದ್ರಿ ಡಿಸೈನ್ ಹಾಕಬೇಕು ಅಂತಲೂ ಆಸೆ ಇದೆ. ಎಲ್ಲಿಂದ ಶುರು ಮಾಡಲಿ?

ಭಾಲ್ಕಿ_ಹುಡುಗ
ಅಕ್ಕಾ, ಎಐ ಇದೆಯಲ್ಲ. ನಾಲ್ಕು ಸಾಲು ಬರೆದರೆ ಚಿತ್ರ ಬರುತ್ತದೆ. ಯಾರ ಇಮೇಲೂ ಬರಲ್ಲ.

ತೊಗರಿಹೊಲ
ಕೆಳಗೆ "ಚಿತ್ರಕೃಪೆ: ಗೂಗಲ್" ಅಂತ ಹಾಕಿದರೆ ಮುಗೀತು. ಎಲ್ಲರೂ ಹಾಗೇ ಹಾಕುತ್ತಾರೆ.

ಪಿಕ್ಸೆಲ್_ಕಲಬುರಗಿ
ತೊಗರಿಹೊಲ ಅವರೇ, ದಯವಿಟ್ಟು ಈ ಮಾತು ಯಾರಿಗೂ ಹೇಳಬೇಡಿ. ಗೂಗಲ್ ಬರೀ ದಾರಿ ತೋರಿಸುತ್ತದೆ, ಫೋಟೋ ತೆಗೆದವರು ಬೇರೆಯವರು. ನಿಮ್ಮ ತೊಗರಿ ಚೀಲ ಯಾರೋ ಒಯ್ದು "ಕೃಪೆ: ಕಲಬುರಗಿ ರಸ್ತೆ" ಅಂತ ಬರೆದರೆ ಒಪ್ಪುತ್ತೀರಾ? ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೋ ತೆಗೆದವರು ಬದುಕಿರುವವರೆಗೂ, ಅವರು ತೀರಿಕೊಂಡ ಮೇಲೆ 60 ವರ್ಷವೂ ಹಕ್ಕು ಇರುತ್ತದೆ. ಕೆಳಗೆ ಕಾಪಿರೈಟ್ ಗುರುತು ಇಲ್ಲದಿದ್ದರೂ ಇರುತ್ತದೆ.

ಬೇರೆಯವರ ಚಿತ್ರವೇ ಬೇಕು ಅಂದರೆ ಉಚಿತ ಚಿತ್ರಗಳ ಭಂಡಾರ ವಿಕಿಮೀಡಿಯ ಕಾಮನ್ಸ್‌ನಲ್ಲಿ ನೋಡಿ. ಬೀದರ್ ಕೋಟೆ, ಮಹಮೂದ್ ಗವಾನ್ ಮದರಸಾ, ಕಲಬುರಗಿ ಕೋಟೆ ಎಲ್ಲ ಇವೆ. ಅಲ್ಲಿ ಪ್ರತಿ ಚಿತ್ರದ ಕೆಳಗೆ ಲೈಸೆನ್ಸ್, ಅಂದರೆ ಬಳಸುವ ಷರತ್ತು, ಬರೆದಿರುತ್ತಾರೆ. ಸಿಸಿ (ಕ್ರಿಯೇಟಿವ್ ಕಾಮನ್ಸ್) ಬಿವೈ ಅಂದರೆ ತೆಗೆದವರ ಹೆಸರು ಹಾಕಬೇಕು, ಲೈಸೆನ್ಸ್‌ಗೆ ಕೊಂಡಿ ಕೊಡಬೇಕು, ಚಿತ್ರ ಬದಲಾಯಿಸಿದ್ದರೆ ಅದನ್ನೂ ಹೇಳಬೇಕು. ಎಸ್‌ಎ ಅಂತಲೂ ಇದ್ದರೆ ನೀವು ಬದಲಿಸಿದ ಚಿತ್ರವನ್ನೂ ಅದೇ ಲೈಸೆನ್ಸ್‌ನಲ್ಲಿ ಬಿಡಬೇಕು. ಸಿಸಿ ಸೊನ್ನೆ ಅಂತ ಇದ್ದರೆ ಯಾವ ಷರತ್ತೂ ಇಲ್ಲ. ಆದರೂ ಹೆಸರು ಹಾಕುವುದು ಒಳ್ಳೆಯದು.

ತೊಗರಿಹೊಲ
ಸರಿ ಸರ್, ಇದು ನನಗೆ ಗೊತ್ತಿರಲಿಲ್ಲ. ನಮ್ಮ ರೈತ ಗುಂಪಿನ ಪುಟದಲ್ಲಿ ಹಾಗೆ ಹಾಕಿದ್ದೆವು, ಇವತ್ತೇ ತೆಗೆಸುತ್ತೇನೆ.

ಅಚ್ಚಿನಮನೆ
ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ 18 ವರ್ಷದಿಂದ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ ಮೇಡಂ. ಲಗ್ನಪತ್ರಿಕೆ, ಬ್ಯಾನರ್, ಪಾಂಪ್ಲೆಟ್. ಸೈಟ್ ನಿಧಾನ ಅಂದರೆ ಸುಲಭ, ಫೋಟೋನೆಲ್ಲ 72 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ) ಮಾಡಿ ಸೇವ್ ಮಾಡಿ. ವೆಬ್‌ಗೆ 72, ಅಚ್ಚಿಗೆ 300. ಅಷ್ಟೇ.

ಪಿಕ್ಸೆಲ್_ಕಲಬುರಗಿ
ಅಣ್ಣಾರ, ನಿಮ್ಮ ಅನುಭವಕ್ಕೆ ಗೌರವ ಇದೆ, ಆದರೆ ಪರದೆಗೆ ಡಿಪಿಐ ಲೆಕ್ಕಕ್ಕೇ ಬರುವುದಿಲ್ಲ. 4000 ಪಿಕ್ಸೆಲ್ ಅಗಲದ ಫೋಟೋಗೆ 72 ಅಂತ ಬರೆದರೂ 300 ಅಂತ ಬರೆದರೂ ಫೈಲ್ ತೂಕ ಅಷ್ಟೇ ಇರುತ್ತದೆ. ಆ ಅಂಕಿ ಪ್ರಿಂಟರ್‌ಗೆ ಹೇಳುವ ಮಾತು. ಬ್ರೌಸರ್ ಪಿಕ್ಸೆಲ್ ಮಾತ್ರ ಎಣಿಸುತ್ತದೆ.

ಅಚ್ಚಿನಮನೆ
ಹಾಗಾದರೆ ನಾನು 72 ಮಾಡಿದ ಕೂಡಲೇ ಫೈಲ್ ಸಣ್ಣದಾಗುವುದು ಹೇಗೆ? ದಿನಾ ನೋಡುತ್ತೇನಲ್ಲ.

ಪಿಕ್ಸೆಲ್_ಕಲಬುರಗಿ
ಫೋಟೋಶಾಪ್‌ನಲ್ಲಿ ರೀಸ್ಯಾಂಪಲ್ ಅನ್ನುವ ಟಿಕ್ ಹಾಕಿದ್ದರೆ ಡಿಪಿಐ ಜೊತೆ ಪಿಕ್ಸೆಲ್ಲೂ ಕಡಿಮೆ ಆಗುತ್ತದೆ. ಆ ಟಿಕ್ ತೆಗೆದು ಒಮ್ಮೆ ಮಾಡಿ ನೋಡಿ, ತೂಕ ಹಾಗೇ ಇರುತ್ತದೆ.

ಅಚ್ಚಿನಮನೆ
ಮಾಡಿ ನೋಡಿದೆ. ನೀವು ಹೇಳಿದ್ದೇ ಸರಿ ತಮ್ಮಾ. 18 ವರ್ಷದಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ನನ್ನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ಇದು ಮಾತ್ರ ಪಕ್ಕಾ. ನಮ್ಮಂಥ ಅಂಗಡಿಯಲ್ಲಿ ಮಾಡಿಸಿದ ಲೋಗೋ, ಪೋಸ್ಟರ್ ಫೈಲ್ ಸಿಎಂವೈಕೆ ಬಣ್ಣದಲ್ಲಿ ಇರುತ್ತದೆ, ಅದು ಅಚ್ಚಿನ ಶಾಯಿ ಲೆಕ್ಕ. ಅದನ್ನೇ ಸೈಟ್‌ಗೆ ಹಾಕಿದರೆ ಬಣ್ಣ ಕೆಟ್ಟು ಕಾಣುತ್ತದೆ. ಆರ್‌ಜಿಬಿ (ಪರದೆಯ ಬಣ್ಣದ ಲೆಕ್ಕ) ಮಾಡಿ ಕೊಡಿ ಅಂತ ಕೇಳಿ ತಗೊಳ್ಳಿ. ಇನ್ನು ನಿಮ್ಮ ಸೈಟ್‌ನಲ್ಲಿ ಯಾರಾದರೂ ಫೋಟೋ ಅಚ್ಚು ಹಾಕಿಸಿಕೊಳ್ಳಬೇಕು ಅಂದರೆ, 1600 ಪಿಕ್ಸೆಲ್ ಅಗಲದ್ದು 300 ಡಿಪಿಐ ಲೆಕ್ಕದಲ್ಲಿ ಐದು ಇಂಚು ಚಿಲ್ಲರೆ ಅಗಲ ಮಾತ್ರ ಬರುತ್ತದೆ. ಹಾಗಾಗಿ ಮೂಲ ಫೋಟೋ ಅಳಿಸಬೇಡಿ, ಬೇರೆ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ.

ಬಾವಿಕಟ್ಟೆ_ಬೀದರ್
ನನ್ನ ಫೋಟೋಗಳು ಒಂದೊಂದು 5 ಎಂಬಿ ಇವೆ. ಕರೇಜ್ ಪುಟದಲ್ಲಿ ಅಂಥವು ಎಂಟು ಇವೆ.

ಪಿಕ್ಸೆಲ್_ಕಲಬುರಗಿ
ಅಂದರೆ ಒಂದು ಪುಟ ತೆರೆಯಲು 40 ಎಂಬಿ ಅಕ್ಕಾ. ಮಾಮಾನ ಫೋನ್ ನಿಲ್ಲದೆ ಏನು ಮಾಡೀತು.

12 ಮೆಗಾಪಿಕ್ಸೆಲ್ ಕ್ಯಾಮೆರಾ ಫೋಟೋ 4000 ಗುಣಿಸು 3000 ಪಿಕ್ಸೆಲ್ ಇರುತ್ತದೆ. ಸಾಮಾನ್ಯ ಫೋನಿನ ಪರದೆ ಅಗಲ 1080 ಪಿಕ್ಸೆಲ್. ನೀವು 1600ಕ್ಕೆ ಇಳಿಸಿದರೂ ಲ್ಯಾಪ್‌ಟಾಪ್‌ನಲ್ಲೂ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಕ್ವಾಲಿಟಿ 75ರ ಸುಮಾರು ಇಟ್ಟು ಜೆಪೆಗ್ ಅಥವಾ ವೆಬ್‌ಪಿ ಮಾಡಿ. ಹೆಚ್ಚಿನ ಫೋಟೋ 150ರಿಂದ 300 ಕೆಬಿಯೊಳಗೆ ಬರುತ್ತವೆ, ಎಲೆ, ಹುಲ್ಲು ಜಾಸ್ತಿ ಇರುವವು ಸ್ವಲ್ಪ ದಪ್ಪ ಇರಬಹುದು. ಎಂಟೂ ಸೇರಿ 2 ಎಂಬಿ ಆಸುಪಾಸು. ಸ್ಕ್ವೂಶ್ ಅಂತ ಒಂದು ಉಚಿತ ಸಾಧನ ಇದೆ, ಬ್ರೌಸರ್‌ನಲ್ಲೇ ಕೆಲಸ ಮಾಡುತ್ತದೆ, ಫೋಟೋ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ. ಎಡಕ್ಕೆ ಮೂಲ, ಬಲಕ್ಕೆ ಸಣ್ಣದಾದದ್ದು, ಮಧ್ಯದ ಗೆರೆ ಎಳೆದು ಹೋಲಿಸಬಹುದು. ಚಿತ್ರ ತಿದ್ದಲು ಗಿಂಪ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ.

ಪುಟದ ಕೋಡ್‌ನಲ್ಲಿ ಪ್ರತಿ ಚಿತ್ರಕ್ಕೂ ಅಗಲ ಎತ್ತರ ಬರೆಯುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಚಿತ್ರ ತಡವಾಗಿ ಬಂದಾಗ ಓದುತ್ತಿದ್ದ ಸಾಲು ದಡಕ್ಕನೆ ಕೆಳಗೆ ಹಾರುತ್ತದೆ. ಕೆಳಗಿನ ಚಿತ್ರಗಳಿಗೆ ಲೇಜಿ ಲೋಡಿಂಗ್ ಹಾಕಿ, ಓದುಗರು ಅಲ್ಲಿಗೆ ಬಂದಾಗ ಮಾತ್ರ ಇಳಿಯುತ್ತವೆ.

ಶಹಾಪುರ_ಬೆಟ್ಟ
ವಾಟ್ಸ್ಆ್ಯಪ್‌ನಲ್ಲಿ ನಮಗೇ ನಾವು ಕಳಿಸಿಕೊಂಡರೆ ತಾನಾಗೇ ಸಣ್ಣ ಆಗುತ್ತದೆ, ಇಷ್ಟೆಲ್ಲ ಯಾಕೆ?

ಪಿಕ್ಸೆಲ್_ಕಲಬುರಗಿ
ಆಗುತ್ತದೆ, ಆದರೆ ಎಷ್ಟು ಕೆಡಿಸಬೇಕು ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಅದನ್ನು ಮತ್ತೆ ಒಮ್ಮೆ ಸೇವ್ ಮಾಡಿದರೆ ಇನ್ನೂ ಕೆಡುತ್ತದೆ. ಗೆಳೆಯರಿಂದ ಫೋಟೋ ತರಿಸಿಕೊಳ್ಳುವಾಗ ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ, ಮೂಲ ಹಾಗೇ ಬರುತ್ತದೆ. ಒಂದು ಎಚ್ಚರ. ಹಾಗೆ ಬಂದ ಮೂಲದಲ್ಲಿ ಜಾಗದ ಮಾಹಿತಿಯೂ ಇರಬಹುದು, ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಎಲ್ಲಿ ತೆಗೆದದ್ದು ಅಂತ ಫೈಲ್ ಒಳಗೇ ಬರೆದುಕೊಳ್ಳುತ್ತದೆ. ಮನೆಯ ಹಿತ್ತಲ ಬಾವಿ ಫೋಟೋ ಹಾಕುವ ಮೊದಲು ಅದನ್ನು ತೆಗೆದುಹಾಕಿ.

ಭಾಲ್ಕಿ_ಹುಡುಗ
ನನ್ನ ಎಐ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ನಾನೇ "ಬೀದರ್ ಕೋಟೆ, ಸಂಜೆ ಹೊತ್ತು" ಅಂತ ಕೊಟ್ಟು ನಾಲ್ಕು ಚಿತ್ರ ಮಾಡಿದೆ. ಸಖತ್ ಬಂದಿವೆ.

ಸುರಪುರದ_ಕುಂಚ
ಚಿತ್ರ ನೋಡಿದೆ ತಮ್ಮಾ. ಬಣ್ಣ ಚೆನ್ನಾಗಿದೆ. ಆದರೆ ಅದು ಬೀದರ್ ಕೋಟೆ ಅಲ್ಲ. ನಮ್ಮ ಕೋಟೆಯ ಕೆಂಪು ಜಂಬಿಟ್ಟಿಗೆ ಕಲ್ಲು ತೂತು ತೂತಾಗಿ ಒರಟಾಗಿ ಇರುತ್ತದೆ. ಇದರಲ್ಲಿ ನುಣ್ಣನೆ ಮರಳುಗಲ್ಲು ಇದೆ, ಮೇಲೆ ದಿಲ್ಲಿ ಕಡೆಯ ಛತ್ರಿ ಗುಮ್ಮಟಗಳು. ಬಾಗಿಲ ಮೇಲೆ ಕನ್ನಡದ ಹಾಗೆ ಕಾಣುವ ಅಕ್ಷರ ಇದೆ, ಓದಿದರೆ ಒಂದೂ ಅಕ್ಷರ ಅಲ್ಲ.

ಮೇಡಂ ಬರೆಯುತ್ತಿರುವುದು ನಿಜವಾಗಿ ಇರುವ ಬಾವಿಗಳ ಬಗ್ಗೆ. ಪಕ್ಕದಲ್ಲಿ ಇಲ್ಲದ ಕೋಟೆಯ ಚಿತ್ರ ಇಟ್ಟರೆ, ಓದಿದವರು ಬಾವಿಯನ್ನೂ ನಂಬುವುದಿಲ್ಲ. ಮುಂದೆ ಯಾರೋ ಮಗು ಬೀದರ್ ಅಂತ ಹುಡುಕಿದಾಗ ಇದೇ ಚಿತ್ರ ಸಿಕ್ಕರೆ ಅದನ್ನೇ ನೋಟ್‌ಬುಕ್‌ನಲ್ಲಿ ಬರೆಯುತ್ತದೆ. ನಾನು ಡ್ರಾಯಿಂಗ್ ಟೀಚರ್, ಮಕ್ಕಳು ಇಂಥವನ್ನು ತಂದು ತೋರಿಸುವುದು ದಿನಾ ನೋಡುತ್ತಿದ್ದೇನೆ.

ಭಾಲ್ಕಿ_ಹುಡುಗ
ಹಾಗಾದರೆ ಎಐ ಮುಟ್ಟಲೇಬಾರದಾ? ಫೋಟೋ ತೆಗೆಯಲು ಕ್ಯಾಮೆರಾ ಇಲ್ಲದವರು, ಚಿತ್ರ ಬರೆಯಲು ಬಾರದವರು ಏನು ಮಾಡಬೇಕು ಸರ್? ಎಲ್ಲರಿಗೂ ಕುಂಚ ಹಿಡಿಯಲು ಬರುವುದಿಲ್ಲ.

ಸುರಪುರದ_ಕುಂಚ
ಮುಟ್ಟಬಾರದು ಅಂದಿಲ್ಲ. ನೀರಿನ ಹನಿ, ಮೋಡ, ಯಾವ ಊರಿನದೂ ಅಲ್ಲದ ಅಲಂಕಾರ, ಇಂಥದ್ದಕ್ಕೆ ಬಳಸು, ಕೆಳಗೆ ಎಐ ಚಿತ್ರ ಅಂತ ಬರಿ. ಹೆಸರು, ಊರು ಇರುವ ಜಾಗಕ್ಕೆ ಬೇಡ. ಅದರ ಬದಲು ಕೈಯಲ್ಲಿ ನಾಲ್ಕು ಗೆರೆ ಸೊಟ್ಟ ಬರಲಿ, ಆ ಬಾವಿಯನ್ನು ಕಣ್ಣಾರೆ ನೋಡಿದವರ ಗೆರೆ ಅದು.

ಶಹಾಪುರ_ಬೆಟ್ಟ
ಇದು ನನ್ನ ಅನುಭವ. ನನ್ನ ಸೈಟ್‌ನಲ್ಲಿ ಒಂದೇ ಒಂದು ಚಿತ್ರ ಇದೆ, ನಮ್ಮ ಶಹಾಪುರದ ಮಲಗಿದ ಬುದ್ಧನ ಬೆಟ್ಟ. ಫೋಟೋ ಹಾಕಿದ್ದಾಗ ಮುಂದೆ ಕರೆಂಟ್ ಕಂಬ, ತಂತಿ ಎಲ್ಲ ಬರುತ್ತಿತ್ತು. ಆಮೇಲೆ ಬೆಟ್ಟಗಳ ಮೇಲಂಚು ಮಾತ್ರ ಒಂದು ಗೆರೆಯಲ್ಲಿ ಎಳೆದೆ. ತಲೆ, ಎದೆ, ಕಾಲು, ಅಷ್ಟೇ. ಎಸ್‌ವಿಜಿ ಫೈಲ್, 2 ಕೆಬಿ. ಯಾದಗಿರಿ ಕಡೆಯವರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಎಲ್ಲರೂ ಬೀದರ್, ಕಲಬುರಗಿ ಅಂತಲೇ ಮಾತಾಡುತ್ತೀರಿ, ನಮ್ಮ ಜಿಲ್ಲೆಯಲ್ಲೂ ನೋಡುವಂಥದ್ದು ಬಹಳ ಇದೆ ರೀ.

ಸುರಪುರದ_ಕುಂಚ
ಸುರಪುರದ ಹಳೆಯ ಚಿತ್ರಗಳನ್ನು ಒಮ್ಮೆ ನೋಡಿ ಅಂತ ನಾನೂ ಹೇಳುತ್ತೇನೆ. ಚಿನ್ನದ ರೇಕು ಹಚ್ಚಿದ ಆ ಸಣ್ಣ ಚಿತ್ರಗಳ ಅಂಚಿನ ಬಳ್ಳಿ ಒಂದೇ ಸಾಕು, ಒಂದು ಪುಟ ತುಂಬುತ್ತದೆ.

ತೊಗರಿಹೊಲ
ಎಸ್‌ವಿಜಿ ಅಂದರೆ ಏನು? ಜೆಪೆಗ್, ಪಿಎನ್‌ಜಿ ಗೊತ್ತು, ಯಾವುದು ಯಾವಾಗ ಅನ್ನುವುದು ಗೊತ್ತಿಲ್ಲ.

ಅಚ್ಚಿನಮನೆ
ಇದನ್ನು ನಾನು ಹೇಳುತ್ತೇನೆ. ಕೋರಲ್ ಡ್ರಾದಲ್ಲಿ ನಾವು ಮಾಡುವುದು ವೆಕ್ಟರ್. ಇಲ್ಲಿಂದ ಅಲ್ಲಿಗೆ ಗೆರೆ, ಇಷ್ಟು ಬಾಗು, ಈ ಬಣ್ಣ ಅಂತ ಲೆಕ್ಕ ಮಾತ್ರ ಇರುತ್ತದೆ. ವಿಸಿಟಿಂಗ್ ಕಾರ್ಡ್‌ಗೂ ಅದೇ, ಇಪ್ಪತ್ತು ಅಡಿ ಬ್ಯಾನರ್‌ಗೂ ಅದೇ, ಅಂಚು ಒಡೆಯುವುದಿಲ್ಲ. ಎಸ್‌ವಿಜಿ ಅಂದರೆ ವೆಬ್‌ನ ವೆಕ್ಟರ್. ಲೋಗೋ, ಗೆರೆ ಚಿತ್ರ, ನಕ್ಷೆ ಎಲ್ಲ ಅದರಲ್ಲಿ ಮಾಡಿ. ಅದಕ್ಕೆ ಇಂಕ್‌ಸ್ಕೇಪ್ ಅನ್ನುವ ಸಾಫ್ಟ್‌ವೇರ್ ಉಚಿತ.

ಜೆಪೆಗ್ ಚಿತ್ರವನ್ನು 8 ಪಿಕ್ಸೆಲ್ ಉದ್ದ 8 ಪಿಕ್ಸೆಲ್ ಅಗಲದ ಚೌಕ ಚೌಕ ಮಾಡಿ ಹಿಂಡುತ್ತದೆ. ಫೋಟೋದಲ್ಲಿ ಅದು ಕಾಣುವುದಿಲ್ಲ. ಅಕ್ಷರ, ಗೆರೆ ಇದ್ದರೆ ಸುತ್ತ ಧೂಳು ಕೂತ ಹಾಗೆ ಕಾಣುತ್ತದೆ, ಅದಕ್ಕೇ ಸ್ಕ್ರೀನ್‌ಶಾಟ್‌ಗೆ ಪಿಎನ್‌ಜಿ. ಹಿನ್ನೆಲೆ ಪಾರದರ್ಶಕ ಬೇಕಾದರೂ ಪಿಎನ್‌ಜಿ. ಫೋಟೋ ಮಾತ್ರ ಪಿಎನ್‌ಜಿ ಮಾಡಬೇಡಿ, ಫೈಲ್ ಊದಿಕೊಳ್ಳುತ್ತದೆ. ಜಿಫ್ 1987ರದ್ದು, 256 ಬಣ್ಣವೇ ಹಿಡಿಯುತ್ತದೆ.

ತೊಗರಿಹೊಲ
ಅಲ್ಲಾಡುವ ದೀಪದ ಜಿಫ್ ಹಾಕಬಹುದಾ, ಹಬ್ಬಕ್ಕೆ?

ಪಿಕ್ಸೆಲ್_ಕಲಬುರಗಿ
ಬೇಡ. ಓದುವವರ ಕಣ್ಣು ಸಾಲಿನ ಮೇಲೆ ನಿಲ್ಲುವುದಿಲ್ಲ.

ಕರಿಮಣ್ಣು
ಬಿದ್ರಿ ಡಿಸೈನ್ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಇದೇ ಕೆಲಸ. ಸತು ಜಾಸ್ತಿ, ತಾಮ್ರ ಸ್ವಲ್ಪ ಹಾಕಿ ಎರಕ ಹೊಯ್ಯುತ್ತೇವೆ. ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಹಚ್ಚಿ, ಅದರ ಮೇಲೆ ಕೈಯಿಂದ ಗೆರೆ ಬರೆಯುತ್ತೇವೆ. ಉಳಿಯಿಂದ ಕೊರೆದು ಬೆಳ್ಳಿ ತಂತಿ ಬಡಿದು ಕೂರಿಸುತ್ತೇವೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿದ ಬಿಸಿ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಒಂದು ಹೂದಾನಿ ಮುಗಿಯಲು ಎಷ್ಟೋ ದಿನ ಬೇಕು. ಅದರ ಫೋಟೋ ಯಾರೋ ಅಂಗಡಿಯಲ್ಲಿ ತೆಗೆದು, ಕತ್ತರಿಸಿ, ವಾಲ್‌ಪೇಪರ್ ಮಾಡಿ, ಪುಸ್ತಕದ ರಕ್ಷಾಪುಟ ಮಾಡಿ, ಸೀರೆ ಜಾಹೀರಾತಿನ ಹಿನ್ನೆಲೆ ಮಾಡಿ ಹಾಕುತ್ತಾರೆ. ನಮ್ಮ ತಂದೆ ಬರೆದ ಬಳ್ಳಿಯನ್ನು ನಾನೇ ಒಂದು ಸೈಟ್‌ನಲ್ಲಿ ನೋಡಿದೆ. ಎಲ್ಲೂ ಅವರ ಹೆಸರಿಲ್ಲ. "ಬಿದ್ರಿ ಪ್ಯಾಟರ್ನ್" ಅಂತ ಇತ್ತು. ಅಶರ್ಫಿ ಕಿ ಬೂಟಿಯಂಥ ಹಳೆಯ ನಮೂನೆ ಯಾರೊಬ್ಬರದೂ ಅಲ್ಲ, ಅದನ್ನು ನೀವೇ ಬರೆದು ಹಾಕಿ, ಸಂತೋಷ. ಆದರೆ ಒಂದು ವಸ್ತುವಿನ ಮೇಲಿನ ಬಳ್ಳಿ ಒಬ್ಬರ ಕೈ ಬರೆದದ್ದು. ಕೇಳಿ ತಗೊಳ್ಳಿ, ಹೆಸರು ಹಾಕಿ. ದುಡ್ಡಿನ ಮಾತು ಆಮೇಲೆ.

ಬಾವಿಕಟ್ಟೆ_ಬೀದರ್
ಅಣ್ಣಾ, ನಿಜ ಹೇಳಬೇಕೆಂದರೆ ನಾನೂ ಅಂಥದ್ದೇ ಒಂದು ಪ್ಯಾಟರ್ನ್ ಇಳಿಸಿಕೊಂಡು ಇಟ್ಟಿದ್ದೆ. ಈಗ ಅಳಿಸಿದೆ. ನಿಮ್ಮ ತಂದೆಯವರ ಕೆಲಸ ನೋಡಲು ಬರಬಹುದಾ? ಫೋಟೋ ತೆಗೆಯಲು ಒಪ್ಪಿದರೆ ಅವರ ಹೆಸರು, ನಿಮ್ಮ ಮನೆತನದ ಹೆಸರು ಚಿತ್ರದ ಕೆಳಗೇ ಬರೆಯುತ್ತೇನೆ.

ಕರಿಮಣ್ಣು
ಬನ್ನಿ ಅಕ್ಕಾ. ಒಂದು ಸೂಚನೆ, ಫ್ಲ್ಯಾಶ್ ಹಾಕಬೇಡಿ, ಬೆಳ್ಳಿ ಮೇಲೆ ಬಿಳಿ ಮಚ್ಚೆ ಬೀಳುತ್ತದೆ. ಕಿಟಕಿಗೆ ಬಿಳಿ ಪಂಚೆ ಕಟ್ಟಿ, ಆ ಬೆಳಕಿಗೆ ಓರೆಯಾಗಿ ವಸ್ತು ಇಟ್ಟು ತೆಗೆಯಿರಿ. ಗೆರೆ ಒಂದೊಂದೂ ಎದ್ದು ಕಾಣುತ್ತದೆ.

ತೊಗರಿಹೊಲ
ಆ ಮಣ್ಣು ಕೋಟೆಯಲ್ಲಿ ಎಲ್ಲಿ ಸಿಗುತ್ತದೆ? ನಮ್ಮ ಹೊಲದ ಕಪ್ಪು ಮಣ್ಣು ನಡೆಯುತ್ತದಾ?

ಕರಿಮಣ್ಣು
ಇಲ್ಲ ತಮ್ಮಾ. ಬಿಸಿಲು ಮಳೆ ತಾಕದ ಹಳೆಯ ಗೋಡೆಗಳೊಳಗಿನ ಮಣ್ಣೇ ಆಗಬೇಕು. ನಮ್ಮ ತಂದೆ ನಾಲಿಗೆಗೆ ಹಚ್ಚಿ ನೋಡಿಯೇ ಆರಿಸುತ್ತಿದ್ದರು.

ಭಾಲ್ಕಿ_ಹುಡುಗ
ಬಿದ್ರಿ ಥರ ಕಪ್ಪು ಹಿನ್ನೆಲೆ, ಬೂದು ಅಕ್ಷರ ಹಾಕಿದರೆ ಸೈಟ್ ಭರ್ಜರಿ ಕಾಣುತ್ತದೆ ಅಕ್ಕಾ.

ಪಿಕ್ಸೆಲ್_ಕಲಬುರಗಿ
ಕಾಣುತ್ತದೆ, ಓದಲು ಆಗಬೇಕಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನಲ್ಲಿ ಕನಿಷ್ಠ 4.5ಕ್ಕೆ 1 ವ್ಯತ್ಯಾಸ ಇರಬೇಕು ಅಂತ ವೆಬ್‌ನ ಮಾನದಂಡ ಹೇಳುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಬಸ್ ಸ್ಟ್ಯಾಂಡ್‌ನಲ್ಲಿ ನಿಂತು ಓದಿ ನೋಡಿ, ಆಗ ಗೊತ್ತಾಗುತ್ತದೆ. ಡಿಸೈನ್ ಇರುವ ಹಿನ್ನೆಲೆಯ ಮೇಲೆ ಉದ್ದ ಬರಹ ಹಾಕಲೇಬಾರದು. ಬಳ್ಳಿ ಅಂಚಿನಲ್ಲಿ ಇರಲಿ, ಬರಹದ ಕೆಳಗೆ ಸಾದಾ ಬಣ್ಣ ಇರಲಿ.

ಬಣ್ಣ ಆರಿಸುವುದಕ್ಕೆ ನನ್ನ ದಾರಿ ಬೇರೆ. ಮಹಮೂದ್ ಗವಾನ್ ಮದರಸಾ ಮುಂದೆ ಹೋಗಿ ನಿಲ್ಲಿ. 1472ರಲ್ಲಿ ಕಟ್ಟಿದ್ದು, 1696ರ ಸ್ಫೋಟದಲ್ಲಿ ಮುಂಭಾಗದ ಒಂದು ಪಾಲು ಬಿದ್ದುಹೋಯಿತು, ಆದರೂ ಉಳಿದ ಮಿನಾರಿನ ಮೇಲೆ ಹೆಂಚಿನ ನೀಲಿ, ಬಿಳಿ ಇನ್ನೂ ಇದೆ. ಒಂದು ಫೋಟೋ ತೆಗೆದು, ಗಿಂಪ್‌ನಲ್ಲಿ ಬಣ್ಣ ಹೆಕ್ಕುವ ಸಾಧನದಿಂದ ಮೂರೇ ಬಣ್ಣ ತಗೊಳ್ಳಿ. ಆ ಮೂರು ಬಣ್ಣದಲ್ಲೇ ಶೀರ್ಷಿಕೆ, ಕೊಂಡಿ, ಬಟನ್ ಎಲ್ಲ ಮಾಡಿ.

ಅಚ್ಚಿನಮನೆ
ಶೀರ್ಷಿಕೆ ಅಂದ ಕೂಡಲೇ ನೆನಪಾಯಿತು. ಸೈಟ್ ಹೆಸರನ್ನು ನುಡಿ ಫಾಂಟ್‌ನಲ್ಲಿ ಚೆಂದ ಮಾಡಿ, ಕರ್ವ್ಸ್ (ಅಕ್ಷರವನ್ನು ಬರೀ ಗೆರೆ) ಮಾಡಿ ಚಿತ್ರವಾಗಿ ಕೊಡಲಾ ಮೇಡಂ? ಫೋಟೋಶಾಪ್‌ನಲ್ಲಿ ನೀವೇ ಟೈಪ್ ಮಾಡಿದರೆ ಒತ್ತಕ್ಷರ ಕಿತ್ತುಕೊಂಡು ಪಕ್ಕಕ್ಕೆ ಬಂದು ಕೂರುತ್ತವೆ.

ಪಿಕ್ಸೆಲ್_ಕಲಬುರಗಿ
ಲೋಗೋ ಒಂದಕ್ಕೆ ಸರಿ ಅಣ್ಣಾರ. ಉಳಿದ ಶೀರ್ಷಿಕೆಗಳು ಯೂನಿಕೋಡ್ ಬರಹವಾಗಿಯೇ ಇರಲಿ, ಬಲೂ ತಮ್ಮ, ನೋಟೊ ಸಾನ್ಸ್ ಕನ್ನಡದಂಥ ಉಚಿತ ಫಾಂಟ್ ಇವೆ. ಒತ್ತಕ್ಷರ ಒಡೆಯುವುದು ಫೋಟೋಶಾಪ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿದರೆ ಸರಿಹೋಗುತ್ತದೆ.

ಕಿವಿಓದು
ನನಗೆ ಕಣ್ಣು ಕಾಣುವುದಿಲ್ಲ. ಫೋನಿನಲ್ಲಿ ಟಾಕ್‌ಬ್ಯಾಕ್ (ಪರದೆಯ ಮೇಲಿನದನ್ನು ಓದಿ ಹೇಳುವ ಸಾಧನ) ಹಾಕಿಕೊಂಡು ಈ ಚರ್ಚೆ ಪೂರ್ತಿ ಕೇಳಿದೆ. ಕಲಬುರಗಿಯಲ್ಲಿ ಇರುತ್ತೇನೆ. ಬರಹವನ್ನು ಚಿತ್ರ ಮಾಡಿ ಹಾಕಿದರೆ ನನಗೆ ಅಲ್ಲಿ ಏನೂ ಇರುವುದಿಲ್ಲ. ಎಷ್ಟೋ ಸೈಟ್‌ಗಳಲ್ಲಿ ಚಿತ್ರ ಬಂದಾಗ ಫೋನ್ "ಐಎಂಜಿ 2023 ಶೂನ್ಯ ನಾಲ್ಕು" ಅಂತ ಫೈಲ್ ಹೆಸರು ಓದುತ್ತದೆ. ಪಕ್ಕದಲ್ಲಿ ಕೂತವರು ವಾಹ್ ಅನ್ನುತ್ತಾರೆ. ನಾನು ಮುಂದಿನ ಸಾಲಿಗೆ ಹೋಗುತ್ತೇನೆ.

ಚಿತ್ರ ಹಾಕುವಾಗ ಆಲ್ಟ್ ಅಂತ ಒಂದು ಜಾಗ ಇರುತ್ತದೆ. ಅಲ್ಲಿ ಒಂದೆರಡು ಸಾಲು ಬರೆಯಿರಿ. "ಬಾವಿ ಚಿತ್ರ" ಅಂತ ಬೇಡ, ಬಾವಿ ಅಂತ ಮೇಲೇ ಹೇಳಿರುತ್ತೀರಿ. ಕಲ್ಲು ಹೇಗಿದೆ, ಮೆಟ್ಟಿಲು ಎಲ್ಲಿಗೆ ಇಳಿಯುತ್ತದೆ, ನೀರು ಇದೆಯಾ, ಒಳಗೆ ಗಿಡ ಬೆಳೆದಿದೆಯಾ, ಅದನ್ನು ಹೇಳಿ. ಬರೀ ಅಲಂಕಾರದ ಬಳ್ಳಿ ಆದರೆ ಆಲ್ಟ್ ಇಡಿ, ಆದರೆ ಒಳಗೆ ಖಾಲಿ ಬಿಡಿ, ಫೋನ್ ಅದನ್ನು ಓದದೆ ದಾಟಿಕೊಂಡು ಹೋಗುತ್ತದೆ.

ಸುರಪುರದ_ಕುಂಚ
ಇದನ್ನು ನಾನು ನಾಳೆಯೇ ತರಗತಿಯಲ್ಲಿ ಮಾಡಿಸುತ್ತೇನೆ ಸರ್. ಚಿತ್ರ ನೋಡದವರಿಗೆ ಚಿತ್ರ ಹೇಳುವುದು. ಮಕ್ಕಳು ಆಗ ಸರಿಯಾಗಿ ನೋಡುವುದನ್ನು ಕಲಿಯುತ್ತಾರೆ.

ಬಾವಿಕಟ್ಟೆ_ಬೀದರ್
ಹತ್ತು ದಿನ ಆಯಿತು, ಮಾಡಿದ್ದು ಹೇಳುತ್ತೇನೆ.

ಭಾನುವಾರ ನೌಬಾದಿಗೆ ಹೋಗಿದ್ದೆ. ಕರೇಜಿನ ಗಾಳಿಬಾವಿ ಬಾಯಿಯ ಹತ್ತಿರ ಕೂತು ಪೆನ್ಸಿಲ್‌ನಲ್ಲಿ ಚಿತ್ರ ಬರೆದೆ, ಮೂರನೇ ಸಲ ಸರಿ ಬಂತು. ಅದನ್ನು ಬೆಳಕಲ್ಲಿ ಫೋಟೋ ತೆಗೆದು ಇಂಕ್‌ಸ್ಕೇಪ್‌ನಲ್ಲಿ ಟ್ರೇಸ್ ಮಾಡಿದೆ, ಅದೇ ಈಗ ಹೋಮ್ ಪೇಜ್ ಮೇಲೆ ಇದೆ, 34 ಕೆಬಿ. ಬಣ್ಣ ಮದರಸಾದ ನೀಲಿ. ಕರಿಮಣ್ಣು ಅಣ್ಣನ ಮನೆಗೂ ಹೋದೆ. ತಂದೆಯವರು ನನ್ನ ಎದುರಿಗೇ ಕಾಗದದ ಮೇಲೆ ಒಂದು ಸಣ್ಣ ಬಳ್ಳಿ ಬರೆದು, ಬಾವಿಗೆ ನೀರಿನ ಹಾಗೆ ಇರಲಿ ಅಂತ ಕೊಟ್ಟರು. ಪುಟದ ಅಂಚಿನಲ್ಲಿ ಅದು ಇದೆ, ಕೆಳಗೆ ಅವರ ಹೆಸರು ಇದೆ. ಹೆಸರನ್ನು ಚಿತ್ರದಲ್ಲಿ ಸೇರಿಸಿಲ್ಲ, ಬರಹದಲ್ಲೇ ಇಟ್ಟಿದ್ದೇನೆ. ಕರೇಜ್ ಪುಟ 40 ಎಂಬಿ ಇದ್ದದ್ದು ಈಗ 1.8 ಎಂಬಿ. ಮಾಮಾ ಫೋನ್ ಮಾಡಿ "ಬಾವಿ ಕಾಣಿಸ್ತು" ಅಂದ. ಎಲ್ಲ ಚಿತ್ರಕ್ಕೂ ಆಲ್ಟ್ ಬರೆದಿದ್ದೇನೆ, ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

ಭಾಲ್ಕಿ_ಹುಡುಗ
ನೋಡಿದೆ ಅಕ್ಕಾ. ನನ್ನ ನಾಲ್ಕು ಚಿತ್ರಕ್ಕಿಂತ ಇದೇ ಚೆನ್ನಾಗಿದೆ. ನಮ್ಮ ಭಾಲ್ಕಿ ಕಡೆ ಒಂದು ಬಾವಿ ಇದೆ, ಫೋಟೋ ತೆಗೆದು ಡಾಕ್ಯುಮೆಂಟ್ ಮಾಡಿ ಕಳಿಸಲಾ?

ಬಾವಿಕಟ್ಟೆ_ಬೀದರ್
ಕಳಿಸು ತಮ್ಮಾ, ನಿನ್ನ ಹೆಸರು ಹಾಕುತ್ತೇನೆ.

ಕಿವಿಓದು
ಮೇಡಂ, ಚಿಟಗುಪ್ಪದ ಅಜ್ಜಿ ಬಾವಿಯ ಪುಟ ಕೇಳಿದೆ. ಹಗ್ಗ ಉಜ್ಜಿ ಕಲ್ಲಿನಲ್ಲಿ ಗೀರು ಬಿದ್ದಿದೆ ಅಂತ ಬರೆದಿದ್ದೀರಿ, ಅಲ್ಲಿ ಫೋನ್ ನಿಲ್ಲಿಸಿ ಎರಡು ಸಲ ಕೇಳಿದೆ. ಗೀರು ಎಷ್ಟು ಆಳ ಇದೆ? ಬೆರಳು ಒಳಗೆ ಹೋಗುತ್ತದಾ?

ಬಾವಿಕಟ್ಟೆ_ಬೀದರ್
ನೋಡಿದ್ದೆ, ಮುಟ್ಟಿ ನೋಡಿರಲಿಲ್ಲ ಸರ್. ಶನಿವಾರ ಊರಿಗೆ ಹೋಗುತ್ತಿದ್ದೇನೆ. ಬೆರಳಿಟ್ಟು ನೋಡಿ ಬರೆಯುತ್ತೇನೆ.